ಮೂವರ ಮೇಳ

ಮೂವರೇ ಸೇರಿ ಒಂದು ಇರುಳನ್ನು ತುಂಬಬಲ್ಲರೆಂಬುದನ್ನು ಭಟ್ಕಳ, ಹೊನ್ನಾವರ, ಕುಮಟೆಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಭಾಗವತರು, ಮದ್ದಳೆಯವರು, ಚಂಡೆಯವರು. ಶ್ರುತಿಯೊಂದನ್ನು ಬಿಟ್ಟರೆ ಯಕ್ಷಗಾನದ ಹಿಮ್ಮೇಳವೆಂದರೆ ಇಷ್ಟೇ. ಆದ್ದರಿಂದ ಇಂಗ್ಲೆಂಡಿನ ‘ಕ್ರೀಮ್’ ಎಂಬ ಮೂವರ ರಾಕ್ ಮೇಳದ ಧ್ವನಿಮುದ್ರಿಕೆಗಳನ್ನು ಕೇಳಲು ಕುಳಿತಾಗ ನನಗೆ ತೀರ ಅಪರಿಚಿತರ ಮನೆಗೆ ಹೋದಂತೆನಿಸಲಿಲ್ಲ.

ಎರಿಕ್ ಕ್ಲಾಪ್ಟನ್ನರ ಗಿಟಾರು, ಜ್ಯಾಕ್ ಬ್ರೂಸರ ಬಾಸ್ ಗಿಟಾರು ಮತ್ತು ಕಂಠ, ಜಿಂಜರ್ ಬೇಕರರ ಡ್ರಮ್ಮು. 1966ರಲ್ಲಿ ಕೂಡುವ ಮೊದಲೇ ಮೂವರೂ ಹೆಸರಾಂತ ವಾದಕರು. 1967ರ ‘ಡಿಸ್ರೇಲಿ ಗಿಯರ್ಸ್’ನಲ್ಲಿ ಒಬ್ಬೊಬ್ಬರೂ ತಮ್ಮ ಜಾಗವರಿತು ನುಡಿಸುತ್ತಾರೆ, ಹಾಡು ಹಾಡಾಗಿಯೇ ಉಳಿದಿದೆ. 1968ರ ‘ವೀಲ್ಸ್ ಆಫ್ ಫೈರ್’ನ ಸಭಾವಾದನದಲ್ಲಾದರೋ ಎರಡು ಕೃತಿಗಳು 16 ನಿಮಿಷವನ್ನೂ ದಾಟುತ್ತವೆ. ಕೌಶಲಕ್ಕೆ ಕೊರತೆಯಿಲ್ಲ, ಮಿಂಚುವ ಕ್ಷಣಗಳೂ ಇವೆ. ಆದರೆ ಕೇಳುತ್ತ ಹೋದಂತೆ ಸಂವಾದ ಸವಾಲಾಗುತ್ತದೆ, ಸವಾಲು ಗದ್ದಲವಾಗುತ್ತದೆ. ಧ್ವನಿವರ್ಧಕದ ಪೆಟ್ಟಿಗೆಗಳು ಆಳೆತ್ತರಕ್ಕೆ ಬೆಳೆದು, ಅವುಗಳ ಅಬ್ಬರದಿಂದ ತಮ್ಮ ಕಿವಿಯೇ ಕೆಟ್ಟಿತೆಂದು ಬೇಕರ್ ದೂರಿದರು. ಒಮ್ಮೆ ನಡುವೆ ತಾವು ನುಡಿಸುವುದನ್ನು ನಿಲ್ಲಿಸಿದರೂ ಉಳಿದಿಬ್ಬರು ಗಮನಿಸಲೇ ಇಲ್ಲವೆಂದು ಕ್ಲಾಪ್ಟನ್ನರೇ ಹೇಳಿಕೊಂಡಿದ್ದಾರೆ. 1968ರ ನವೆಂಬರ್ 26ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮಂಗಳ ಹಾಡಿದರು. ಎರಡೂವರೆ ವರ್ಷದ ಸಂಸಾರ! 2005ರಲ್ಲಿ ಅದೇ ಸಭಾಂಗಣದಲ್ಲಿ ಮತ್ತೆ ಕೂಡಿದರೂ ಆ ಸಂಸಾರ ಮುಂದುವರಿಯಲಿಲ್ಲ.

ನಮ್ಮ ಹಿಮ್ಮೇಳದ ವಿವೇಕ ಬೇರೆ ಬಗೆಯದು. ಕರುಣ, ಶೃಂಗಾರಗಳಲ್ಲಿ ಚಂಡೆ ಸುಮ್ಮನಿರುತ್ತದೆ. ಮದ್ದಳೆ ಮಾತ್ರ ಪದ್ಯದ ಜೊತೆಗೆ ನಡೆಯುತ್ತದೆ. ವೀರ, ರೌದ್ರಗಳು ಬಂದಾಗ ಚಂಡೆಗೆ ಅಪ್ಪಣೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಆಡುತ್ತಿದೆ. ಆ ಮೇಳದಲ್ಲಿ ದೀರ್ಘಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರ ಪದ್ಯ ಕೇಳಿದವರಿಗೆ, ಸಾಹಿತ್ಯ ಸ್ಪಷ್ಟವಾಗಿದ್ದರೆ ಭಾವಕ್ಕೆ ಎಷ್ಟು ಬಲ ಬರುತ್ತದೆಂಬುದು ಗೊತ್ತು.

ಹೀಗೆ ಹೆಮ್ಮೆಪಡುವಾಗಲೇ ಒಂದು ಅಳುಕು. ಕಳೆದ ಚಳಿಗಾಲ ಕುಮಟೆಯ ಬಳಿ ನಾನು ನೋಡಿದ ಆಟವೊಂದರಲ್ಲಿ ಚಂಡೆಗೂ ಪ್ರತ್ಯೇಕ ಮೈಕು. ಭಾಗವತರ ಬಾಯಿ ಆಡುತ್ತಿತ್ತು. ಮಾತು ನನಗೆ ತಲುಪಲಿಲ್ಲ. ಪಕ್ಕದಲ್ಲಿ ಕುಳಿತ ಅಜ್ಜ, “ಇದು ಯಾವ ಪದ್ಯವೋ ತಮಾ?” ಎಂದು ಕೇಳಿದರು. ನೂರಾರು ಪದ್ಯ ಬಾಯಿಗೆ ಬರುವ ವಯಸ್ಸಿನವರು! ನಾನು ಉತ್ತರ ಕೊಡಲಾರದೆ ಹೋದೆ. ಸುತ್ತಲೂ ಚಪ್ಪಾಳೆಯೇನೋ ಬಿತ್ತು.

ಕ್ರೀಮ್ ಮೇಳದವರು ಪರಸ್ಪರ ಕೇಳುವುದನ್ನು ಬಿಟ್ಟಾಗಲೂ ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಮೇಳದ ಯಜಮಾನರಲ್ಲಿ ನನ್ನ ಅರಿಕೆ ಇಷ್ಟೆ: ಚಂಡೆಯ ಮೈಕನ್ನು ತೆಗೆಸಿ. ಮೈಕು ಹುಟ್ಟುವ ಮೊದಲೇ ಅದು ಆಚೆ ಊರಿಗೆ ಕೇಳುತ್ತಿತ್ತು.