ಬೀಗದ ಕೈ ಮತ್ತು ಅಂಕದ ಹಾಳೆ

ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಹೊರಗೆ ಬರುವಷ್ಟರಲ್ಲಿ ಮಗಳು ಟಿ.ವಿ.ಯಲ್ಲಿ ‘ದಂಗಲ್’ ಹಾಕಿಕೊಂಡು ಕುಳಿತಿದ್ದಳು. 2016ರಲ್ಲಿ ಬಂದ ಚಿತ್ರ; ನಾವು ನೋಡುತ್ತಿದ್ದುದು ಮೂರನೆಯ ಸಲವೋ ನಾಲ್ಕನೆಯ ಸಲವೋ. ಕಥೆ ಕೊನೆಯ ಘಟ್ಟಕ್ಕೆ ಬಂದಿತ್ತು. ದಿಲ್ಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟ, ಗೀತಾಳ ಫೈನಲ್ ಕುಸ್ತಿ. ಅಪ್ಪನನ್ನು ಯಾರೋ ಉಪಾಯವಾಗಿ ಕರೆದೊಯ್ದು ಒಂದು ಕೋಣೆಯಲ್ಲಿ ಕೂಡಿ ಬೀಗ ಜಡಿದಿದ್ದಾರೆ. ಅಮೀರ್ ಖಾನ್ ಬಾಗಿಲು ಬಡಿಯುತ್ತಾನೆ, ಕೂಗುತ್ತಾನೆ. ಮಗಳು ಉಗುರು ಕಚ್ಚುತ್ತಿದ್ದಳು. ನನಗೋ, ನಗು ಬಂತು.

“ಯಾಕಮ್ಮಾ ನಗಾಡ್ತೀ?”

“ತಪ್ಪು ಬಾಗಿಲಿಗೆ ಬೀಗ ಹಾಕಿದ್ದಾರೆ” ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಆಟದ ಸಿನಿಮಾ ನೋಡುವಾಗ ನಾನು ಹೀಗೆ ಏನಾದರೊಂದು ಕೊಂಕು ತೆಗೆಯುತ್ತೇನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕೊಂದು ಕಾರಣವಿದೆ.

ನಾನು ಆಟಗಾರ್ತಿಯಲ್ಲ. ಓಡಿದರೆ ಏದುಸಿರು ಬರುವ ಜಾತಿ. ಆದರೆ 1996ರಲ್ಲಿ, ಬಿ.ಎ. ಎರಡನೆಯ ವರ್ಷದಲ್ಲಿರುವಾಗ, ನಮ್ಮ ಕಾಲೇಜಿನ ಮೈದಾನದಲ್ಲಿ ಪ್ರೌಢಶಾಲಾ ಹುಡುಗಿಯರ ಕಬಡ್ಡಿ ಪಂದ್ಯಾಟ ನಡೆಯಿತು. ಘಟ್ಟದ ಕೆಳಗಿನ ಸಣ್ಣ ಪೇಟೆ ಅದು. ಕಾಲೇಜಿನ ಹುಡುಗಿಯರಾದ ನಮ್ಮನ್ನು ಸ್ವಯಂಸೇವಕಿಯರು ಅಂತ ಕರೆದರು. ಹುಡುಗಿಯರೆಂದರೆ ಮಾಡಬೇಕಾದ ಕೆಲಸ ಆಗ ಗೊತ್ತಿದ್ದದ್ದೇ: ರೇಶ್ಮೆ ಸೀರೆ ಉಟ್ಟುಕೊಂಡು ಬಂದು ಬಹುಮಾನದ ಹರಿವಾಣ ಹಿಡಿಯುವುದು, ಅತಿಥಿಗಳಿಗೆ ಹಾರ ಎತ್ತಿ ಕೊಡುವುದು. ನನ್ನ ಅದೃಷ್ಟಕ್ಕೆ ಕೈಬರಹ ಚೆನ್ನಾಗಿತ್ತು. “ನೀನು ಬರೀಲಿಕ್ಕೆ ಕೂತ್ಕೋ” ಅಂದರು ಪಿ.ಟಿ. ಮಾಸ್ಟ್ರು. ಹೀಗೆ ನಾನು ಸಹಾಯಕ ಸ್ಕೋರರ್ ಆದೆ.

ಈ ಹುದ್ದೆ ಏನೆಂದು ಹೇಳಬೇಕು. ಕಬಡ್ಡಿಯಲ್ಲಿ ಒಂದೊಂದು ತಂಡದಲ್ಲಿ ಏಳು ಮಂದಿ. ಔಟಾದವರು ಅಂಕಣದ ಹೊರಗಿನ ಒಂದು ಚೌಕದಲ್ಲಿ ಕೂರಬೇಕು. ಎದುರಾಳಿ ತಂಡದವರು ಔಟಾದಾಗ ಇವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಆದರೆ ಮನಸ್ಸಿಗೆ ಬಂದವರು ಬರುವಂತಿಲ್ಲ. ಯಾವ ಕ್ರಮದಲ್ಲಿ ಹೊರಗೆ ಹೋದರೋ ಅದೇ ಕ್ರಮದಲ್ಲಿ ಮರಳಬೇಕು. ಆ ಕ್ರಮವನ್ನು ಬರೆದಿಡುವುದೇ ಸಹಾಯಕ ಸ್ಕೋರರನ ಕೆಲಸ. ನೋಡಲು ಏನೂ ಅಲ್ಲ. ಆದರೆ ತಂಡದ ಒಳ್ಳೆಯ ದಾಳಿಗಾರ್ತಿ ಮೊದಲು ಬರುತ್ತಾಳೋ ಮೂರನೆಯವಳಾಗಿ ಬರುತ್ತಾಳೋ ಎಂಬುದರ ಮೇಲೆ ಪಂದ್ಯವೇ ಈ ಕಡೆಯಿಂದ ಆ ಕಡೆಗೆ ಹೋಗಬಹುದು. ಏಳೂ ಮಂದಿ ಔಟಾದರೆ ಲೋನಾ, ಅದಕ್ಕೆ ಎರಡು ಅಂಕ ಹೆಚ್ಚಿಗೆ.

ಬೆಳಿಗ್ಗೆ ಆರಕ್ಕೇ ಮೈದಾನದಲ್ಲಿದ್ದೆವು. ನೆಲಕ್ಕೆ ನೀರು ಹೊಡೆದು, ಹಗ್ಗ ಎಳೆದು, ಸುಣ್ಣದ ಪುಡಿಯ ಗೆರೆ ಹಾಕಿದೆವು. ಎಂಟೂವರೆಯ ಹೊತ್ತಿಗೆ ತಂಡಗಳು ಬರತೊಡಗಿದವು, ಕೆಲವರು ಬಸ್ಸಿನಲ್ಲಿ, ಕೆಲವರು ಟೆಂಪೋದ ಹಿಂಬದಿಯಲ್ಲಿ. ನಾನು ಮತ್ತು ಗೆಳತಿ ಬೆಲ್ಲ, ನೀರು ಹಿಡಿದುಕೊಂಡು ಹೋದೆವು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದನ್ನೇ ಅಲ್ಲವೇ? ಹುಡುಗಿಯರು ಬೆಲ್ಲ ತೆಗೆದುಕೊಂಡರು. ನೀರು ಮಾತ್ರ “ಬೇಡ ಅಕ್ಕಾ”. ಇನ್ನೊಂದು ತಂಡಕ್ಕೆ ಕೊಟ್ಟರೆ ಅಲ್ಲಿಯೂ ಬೇಡ. ಎಷ್ಟು ನಾಚಿಕೆಯ ಮಕ್ಕಳಪ್ಪಾ ಅಂದುಕೊಂಡೆ. ಬಿಸಿಲೇರಿದ ಮೇಲೂ ಬೇಡ ಅಂದಾಗ ಗೆಳತಿಯೇ ಹೇಳಿದಳು: “ನಾಚಿಕೆ ಅಲ್ಲ ಮಾರಾಯ್ತಿ, ಕುಡಿದರೆ ಹೋಗುವುದೆಲ್ಲಿಗೆ?” ಕಾಲೇಜಿನಲ್ಲಿ ಹೆಣ್ಣುಮಕ್ಕಳ ಕೋಣೆ ಒಂದಿತ್ತು, ಶೌಚಾಲಯ ಅದರೊಳಗೆ. ರಜಾದಿನವಾದ್ದರಿಂದ ಬೀಗ ಹಾಕಿತ್ತು. ಬೀಗದ ಕೈ ಜವಾನನ ಗೊಂಚಲಿನಲ್ಲಿ. ಜವಾನ ಮುಖ್ಯ ಅತಿಥಿಗಳ ಹಾರ ತರಲು ಪೇಟೆಗೆ ಹೋಗಿದ್ದ.

ನಾನು ಮಾಸ್ಟ್ರಿಗೆ ಹೇಳಿದೆ. ಅವರು ಕೆಟ್ಟವರಲ್ಲ; “ಈಗ ಬರ್ತಾನೆ” ಅಂದರು, ಮೈಕಿನವನ ಕಡೆ ಓಡಿದರು. ಆಮೇಲೆ ನಾನೂ ಮರೆತೆ. ಇದನ್ನು ಮರೆಮಾಚುವುದಿಲ್ಲ. ಆಟ ಶುರುವಾಗಿತ್ತು, ಪೆನ್ಸಿಲು ನನ್ನ ಕೈಯಲ್ಲಿತ್ತು, ಏನೋ ಒಂದು ದೊಡ್ಡಸ್ತಿಕೆ ನನಗೆ.

ಸೆಮಿಫೈನಲಿನ ವಿರಾಮದಲ್ಲಿ ಒಂದು ತಂಡದ ಸಣಕಲು ಹುಡುಗಿ ನನ್ನ ಡೆಸ್ಕಿನ ಬಳಿ ಬಂದು ನಿಂತಳು. ಮೊದಲ ಅರ್ಧದಲ್ಲಿ ಅತಿ ಹೆಚ್ಚು ಅಂಕ ತಂದವಳು ಅವಳೇ. ದಾಳಿಗೆ ಹೋದರೆ ಉಸಿರು ಕಟ್ಟಿ “ಕಬಡ್ಡಿ ಕಬಡ್ಡಿ” ಅನ್ನುವ ದನಿ ಮೈದಾನದ ಆಚೆಗೂ ಕೇಳುತ್ತಿತ್ತು. ಈಗ ಆ ದನಿಯೇ ಇಲ್ಲ. “ಅಕ್ಕಾ, ಒಂದು ಪಿನ್ನು ಉಂಟಾ?” ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಮುಂದೆ ಕೇಳಬೇಕಾಗಲಿಲ್ಲ.

ಕಬಡ್ಡಿಯಲ್ಲಿ ಎಲ್ಲವೂ ಮುಟ್ಟುವುದರ ಮೇಲೆ. ಮುಟ್ಟಿದವಳಿಗೆ ಅಂಕ, ಮುಟ್ಟಿಸಿಕೊಂಡವಳು ಹೊರಗೆ. ಈ ಎರಡು ಶಬ್ದಗಳಿಗೆ ನಮ್ಮ ಮನೆಗಳಲ್ಲಿ ಇನ್ನೊಂದು ಅರ್ಥವಿದೆಯೆಂದು ನಿಮಗೆ ಹೇಳಬೇಕಾಗಿಲ್ಲ.

ಪಕ್ಕದಲ್ಲಿ ನಿಂತಿದ್ದ ಕಾಮರ್ಸ್ ವಿಭಾಗದ ಹುಡುಗನಿಗೆ ಪೆನ್ಸಿಲು ಕೊಟ್ಟು, “ಎರಡು ನಿಮಿಷ ನೋಡ್ಕೋ” ಅಂತ ಹೇಳಿ ಅವಳನ್ನು ಕರೆದುಕೊಂಡು ಹೊರಟೆ. ಆಫೀಸಿಗೆ ಹೋದರೆ ಬೀಗ, ಸ್ಟಾಫ್ ರೂಮಿನಲ್ಲಿ ಗಂಡಸರು. ಕೊನೆಗೆ ಕಾಂಪೌಂಡಿನ ಹಿಂದಿನ ಒಂದು ಮನೆಗೆ ಹೋದೆವು. ಜಗಲಿಯಲ್ಲಿ ಒಬ್ಬರು ಅಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯ ಮುಖ ನೋಡಿ ಎದ್ದರು, ಬಚ್ಚಲ ಬಾಗಿಲು ತೆರೆದರು, ಹಳೆಯ ಸೀರೆಯ ತುಂಡು ತಂದುಕೊಟ್ಟರು, ಒಂದು ಚೊಂಬು ನೀರು ಕುಡಿಸಿದರು. ಯಾವ ಊರು, ಯಾರ ಮಗಳು, ಒಂದನ್ನೂ ಕೇಳಲಿಲ್ಲ.

ನಾವು ವಾಪಸು ಬರುವಾಗ ಹದಿನೈದು ನಿಮಿಷದ ದ್ವಿತೀಯಾರ್ಧದಲ್ಲಿ ಅರ್ಧ ಮುಗಿದಿತ್ತು. ಮೈದಾನದಲ್ಲಿ ಗಲಾಟೆ. ಎದುರಾಳಿ ತಂಡದ ಮೂವರು ಔಟಾಗಿ ಕುಳಿತಿದ್ದರು, ಒಬ್ಬಳು ಒಳಗೆ ಬರಬೇಕು. ಯಾರು? ಅವರ ಮುಖ್ಯ ದಾಳಿಗಾರ್ತಿ ತಾನೇ ಮೊದಲು ಔಟಾದದ್ದು ಅಂದಳು; ಇವರು ಅಲ್ಲ ಅಂದರು. ರೆಫರಿ ನನ್ನ ಹಾಳೆ ನೋಡಿದರು. ಹಾಳೆಯಲ್ಲಿ ಏನೂ ಇಲ್ಲ! ಕಾಮರ್ಸಿನ ಹುಡುಗ ಆಟ ನೋಡುತ್ತಾ ಬರೆಯುವುದನ್ನೇ ಮರೆತಿದ್ದ. ರೆಫರಿ ನನ್ನನ್ನು ಕೇಳಿದರು. “ನಾನು ಇರಲಿಲ್ಲ ಸರ್” ಅಂದೆ. ಎಲ್ಲಿಗೆ ಹೋಗಿದ್ದೆ ಅಂತ ಅಷ್ಟು ಗಂಡಸರ ನಡುವೆ ಹೇಳಲು ಬಾಯಿ ಬರಲಿಲ್ಲ. ಅವರು ದಾಳಿಗಾರ್ತಿಯನ್ನೇ ಒಳಗೆ ಬಿಟ್ಟರು. ನನ್ನ ಹುಡುಗಿಯ ತಂಡ ಎರಡು ಅಂಕಗಳಿಂದ ಸೋತಿತು. ಆ ತೀರ್ಮಾನ ಸರಿಯೋ ತಪ್ಪೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹಾಳೆಯ ಕೆಳಗೆ ಚೆಂದದ ಅಕ್ಷರದಲ್ಲಿ ಹೆಸರು ಬರೆದು ಸಹಿ ಹಾಕಿದವಳು ನಾನು.

ಇಷ್ಟು ಹೇಳಿದ ಮೇಲೆ ಸಿನಿಮಾದ ಮಾತಿಗೆ ಬರಬಹುದು.

ನಮ್ಮ ಆಟದ ಚಿತ್ರಗಳಲ್ಲಿ ಅಂಕ ಬಹಳ ಸತ್ಯವಂತ. ತರಬೇತುದಾರ ಮೋಸಮಾಡಬಹುದು, ಸಮಿತಿಯವರು ಲಂಚಕೋರರಾಗಬಹುದು, ಗಂಡ ಬೇಡವೆನ್ನಬಹುದು. ಆದರೆ ಕೊನೆಯ ನಿಮಿಷದಲ್ಲಿ ಫಲಕದ ಮೇಲೆ ಮೂಡುವ ಸಂಖ್ಯೆ ದೇವರ ತೀರ್ಪಿನ ಹಾಗೆ ಬಂದು ಎಲ್ಲರ ಬಾಯಿ ಮುಚ್ಚಿಸುತ್ತದೆ. ಅದನ್ನು ಒಬ್ಬ ಮನುಷ್ಯ ಬರೆಯುತ್ತಾನೆ, ಅವನ ಕಣ್ಣು ಆಚೀಚೆ ಹೋಗಬಹುದು ಎಂಬ ಅನುಮಾನ ಚಿತ್ರಕ್ಕೆ ಬರುವುದೇ ಇಲ್ಲ. ನಿಜದ ಮೈದಾನ ಹಾಗಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಫೈನಲ್ ನಿಮಗೆ ನೆನಪಿರಬಹುದು. ಭಾರತ, ಇರಾನ್ ನಡುವೆ ಒಂದು ದಾಳಿಗೆ ಯಾರಿಗೆ ಎಷ್ಟು ಅಂಕ ಎಂಬ ವಾದ ಎದ್ದು ಆಟ ಸುಮಾರು ಒಂದು ಗಂಟೆ ನಿಂತಿತು. ಅಷ್ಟು ಕ್ಯಾಮೆರಾಗಳಿದ್ದೂ! ಅದೇ ಕೂಟದಲ್ಲಿ ನಮ್ಮ ಹೆಣ್ಣುಮಕ್ಕಳು ಚೈನೀಸ್ ತೈಪೆಯನ್ನು ಸೋಲಿಸಿ ಚಿನ್ನ ಗೆದ್ದದ್ದು 26-25ರಿಂದ, ಅಂದರೆ ಒಂದೇ ಅಂಕದಿಂದ. ಟಿ.ವಿ. ಮುಂದೆ ಎಲ್ಲರೂ ಕುಣಿಯುವಾಗ ನಾನು ಬರೆಯುವವರ ಮೇಜು ಎಲ್ಲಿದೆಯೆಂದು ಹುಡುಕುತ್ತಿದ್ದೆ.

‘ಚಕ್ ದೇ! ಇಂಡಿಯಾ’ದ ಮೇಲೆ ನನಗೆ ಗೌರವವಿದೆ. 2007ರಲ್ಲಿ ಶಿಮಿತ್ ಅಮೀನ್ ನಿರ್ದೇಶಿಸಿದ, ಜೈದೀಪ್ ಸಾಹ್ನಿ ಬರೆದ ಆ ಚಿತ್ರಕ್ಕೆ ಮೇಜಿನ ಮಹಿಮೆ ಗೊತ್ತು. ರಾಜ್ಯ ರಾಜ್ಯಗಳಿಂದ ಬಂದ ಹಾಕಿ ಹುಡುಗಿಯರು ಹೆಸರು ಬರೆಸುವ ದೃಶ್ಯ ನೆನಪಿಸಿಕೊಳ್ಳಿ. ಈಶಾನ್ಯದ ಹುಡುಗಿಯರಿಗೆ ನೀವು ನಮ್ಮ ಅತಿಥಿಗಳು ಅನ್ನುತ್ತಾರೆ. ಆಂಧ್ರದ ಹುಡುಗಿಯ ಮುಂದೆ ತೆಲುಗಿಗೂ ತಮಿಳಿಗೂ ಏನು ವ್ಯತ್ಯಾಸ ಅನ್ನುತ್ತಾರೆ. ಒಂದು ರಿಜಿಸ್ಟರು, ಒಂದು ಪೆನ್ನು, ಅಷ್ಟರಲ್ಲಿ ದೇಶವೇ ಕಾಣುತ್ತದೆ. ಮುಂದಿನ ಸಿಳ್ಳೆ, ಚಪ್ಪಾಳೆ, ಶಾರುಖ್ ಖಾನನ ಭಾಷಣಗಳಿಗಿಂತ ನನಗೆ ಈ ಐದು ನಿಮಿಷ ದೊಡ್ಡದು. ಆದರೆ ಚಿತ್ರ ಮೆಲ್ಬರ್ನ್‌ಗೆ ಹೋದ ಮೇಲೆ ಆ ಮೇಜನ್ನು ಮರೆಯುತ್ತದೆ. ವಿಭಾ ಛಿಬ್ಬರ್ ಮಾಡಿದ ಕೃಷ್ಣಾಜಿ ಎಂಬ ಮ್ಯಾನೇಜರ್ ತಂಡದ ಜೊತೆಗೇ ಇದ್ದಾಳೆ. ಅಷ್ಟು ಹುಡುಗಿಯರ ಊಟ, ಬಟ್ಟೆ, ಹೊಟ್ಟೆನೋವು ನೋಡಿಕೊಳ್ಳುವ ಹೆಂಗಸು ಇದ್ದರೆ ಅವಳೇ ಇರಬೇಕು. ಚಿತ್ರ ಅವಳನ್ನು ಬದಿಯಲ್ಲಿ ನಿಲ್ಲಿಸಿ, ಗೆದ್ದಾಗ ಕಣ್ಣೊರೆಸಲು ಕರೆಯುತ್ತದೆ.

ಇದನ್ನೆಲ್ಲ ಸಿನಿಮಾದಲ್ಲಿ ತೋರಿಸಲು ಆಗುತ್ತದೆಯೇ, ಬೀಗದ ಕೈ ಹುಡುಕುವುದನ್ನು ನೋಡಲು ಯಾರು ದುಡ್ಡು ಕೊಟ್ಟು ಬರುತ್ತಾರೆ ಅನ್ನುತ್ತಾರೆ ನಮ್ಮವರು. ಅದಕ್ಕೇ ‘ದಂಗಲ್’ ನೋಡಿ ನನಗೆ ನಗು ಬರುವುದು. ನಿತೇಶ್ ತಿವಾರಿಗೆ ಬಾಗಿಲು, ಬೀಗ ಎಷ್ಟು ರೋಮಾಂಚಕವೆಂದು ಚೆನ್ನಾಗಿ ಗೊತ್ತಿದೆ. ಆ ಬೀಗದ ಕಥೆ ನಿಜವಾಗಿ ನಡೆದದ್ದೂ ಅಲ್ಲ, ಚಿತ್ರಕ್ಕಾಗಿ ಕಟ್ಟಿದ್ದು. ಕಟ್ಟುವುದೇ ಆದರೆ ಅಪ್ಪನ ಬಾಗಿಲಿಗೆ ಯಾಕೆ? ಮಗಳು ಚಿನ್ನ ಗೆಲ್ಲುವ ಹೊತ್ತಿನಲ್ಲೂ ನಮ್ಮ ಕಣ್ಣು ಅಪ್ಪ ಹೊರಗೆ ಬರುತ್ತಾನೋ ಇಲ್ಲವೋ ಎಂಬಲ್ಲಿಗೇ ಹೋಗಲಿ ಎಂದು ತಾನೆ! ಅದೇ ಚಿತ್ರದ ಮೊದಲ ಭಾಗ ಹೀಗಿಲ್ಲ. ಸಲ್ವಾರಿನಲ್ಲಿ ಓಡಲಾಗುವುದಿಲ್ಲವೆಂದು ಹುಡುಗಿಯರು ಗೊಣಗಿದ್ದು, ಅಣ್ಣನ ಪ್ಯಾಂಟು ಕತ್ತರಿಸಿ ಚಡ್ಡಿ ಮಾಡಿದ್ದು, ಹುಡುಗಿ ಕುಸ್ತಿಯಾಡಿದರೆ ಜನ ಸೇರುತ್ತಾರೆಂಬ ಲೆಕ್ಕಾಚಾರದಲ್ಲಿ ದಂಗಲ್ ನಡೆಸುವವರು ಒಪ್ಪಿದ್ದು, ಇವೆಲ್ಲ ಮೈದಾನದ ಹಿಂದಿನ ಸತ್ಯಗಳು. ಊರಿನಲ್ಲಿದ್ದಾಗ ಕಂಡದ್ದು ದಿಲ್ಲಿಗೆ ಹೋದಾಗ ಕಾಣಿಸಲಿಲ್ಲ.

ನಮ್ಮಂಥವರಿಗೆ ಹತ್ತಿರದ್ದು 2020ರ ‘ಪಂಗಾ’. ಅಶ್ವಿನಿ ಅಯ್ಯರ್ ತಿವಾರಿ ನಿರ್ದೇಶಿಸಿದ್ದು, ಕಂಗನಾ ರಣಾವತ್ ನಾಯಕಿ. ಕಬಡ್ಡಿ ಬಿಟ್ಟು ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕುಳಿತ ಜಯಾ, ಏಳು ವರ್ಷದ ಮಗನ ಒತ್ತಾಯಕ್ಕೆ ಮತ್ತೆ ಆಡಲು ಹೊರಡುತ್ತಾಳೆ. ಇದು ಬರೀ ಕಲ್ಪನೆಯೆಂದು ತಿಳಿಯಬೇಡಿ. ಕಾರ್ಕಳ ತಾಲ್ಲೂಕಿನಿಂದ ಹೋಗಿ ಭಾರತ ತಂಡದ ನಾಯಕಿಯಾದ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿಗೂ ಕೆಲಸ ಕೊಟ್ಟದ್ದು ರೈಲ್ವೆಯೇ. ಡಬ್ಬಿ ಕಟ್ಟುವುದು, ನಿದ್ದೆಯಲ್ಲಿ ಗಂಡನನ್ನು ಒದೆಯುವುದು, ಅವಳಿಲ್ಲದಾಗ ಅಡಿಗೆಮನೆಯಲ್ಲಿ ಅವನ ಪಾಡು, ಇವುಗಳನ್ನು ಒಬ್ಬ ಹೆಂಗಸೇ ಹೀಗೆ ತೆಗೆಯಬಲ್ಲಳು. ಆದರೆ ಜಯಾ ಮೈದಾನಕ್ಕೆ ಕಾಲಿಟ್ಟ ಕೂಡಲೇ ಆ ಕಣ್ಣು ಮುಚ್ಚಿಹೋಗುತ್ತದೆ. ಮನೆಯನ್ನು ಅಷ್ಟು ಬಲ್ಲ ಚಿತ್ರ, ಮೈದಾನಕ್ಕೂ ಒಂದು ಬಚ್ಚಲು, ಒಂದು ಹಿತ್ತಿಲು ಇರುತ್ತದೆಂಬುದನ್ನು ಬಿಟ್ಟಿತಲ್ಲ ಎಂಬುದು ನನ್ನ ದೂರು. ಉಳಿದ ಎರಡು ಚಿತ್ರಗಳಿಂದ ನಾನು ಇದನ್ನು ನಿರೀಕ್ಷಿಸುವುದೂ ಇಲ್ಲ.

ಆ ಸಣಕಲು ಹುಡುಗಿಗೆ ಆಗ ಹದಿನಾಲ್ಕಿರಬಹುದು. ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ ಬಂದದ್ದು 1990ರಲ್ಲಿ; ಹೆಂಗಸರದು ಬರಲು 2010 ಆಗಬೇಕಾಯಿತು. ಅಷ್ಟು ಹೊತ್ತಿಗೆ ಅವಳ ಆಡುವ ವಯಸ್ಸು ಬಹುಪಾಲು ಮುಗಿದಿತ್ತು. ಅವತ್ತು ಸಂಜೆ ಬಹುಮಾನ ಹಂಚುವಾಗ ಶಾಮಿಯಾನದವರಿಗೆ, ಮೈಕಿನವರಿಗೆ, ಹಾರ ಕೊಡಿಸಿದ ದಾನಿಗಳಿಗೆ ವಂದನಾರ್ಪಣೆ ಆಯಿತು. ಜವಾನ ಬಂದು ಹೆಣ್ಣುಮಕ್ಕಳ ಕೋಣೆ ತೆರೆದ, ಅತಿಥಿಗಳ ಶ್ರೀಮತಿಯವರು ಕೈತೊಳೆಯಬೇಕಾಗಿತ್ತು. ಅಷ್ಟರಲ್ಲಿ ಅವಳ ಟೆಂಪೋ ಹೊರಟಿತ್ತು.

ಮಗಳು ಶಾಲೆಯಲ್ಲಿ ಥ್ರೋಬಾಲ್ ಆಡುತ್ತಾಳೆ. ಮುಂದಿನ ತಿಂಗಳು ಅವರಲ್ಲೇ ತಾಲ್ಲೂಕು ಮಟ್ಟದ ಪಂದ್ಯಾಟವಂತೆ. ತಾಯಂದಿರು ಪಾನಕ, ಚಿತ್ರಾನ್ನದ ಜವಾಬ್ದಾರಿ ವಹಿಸಬೇಕೆಂದು ಚೀಟಿ ಬಂದಿತ್ತು. ಚಿತ್ರಾನ್ನ ಬೇರೆ ಯಾರಾದರೂ ಮಾಡಲಿ, ಆ ಎರಡು ದಿನ ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ನನ್ನ ಹತ್ತಿರ ಇರಲಿ ಎಂದು ಅದೇ ಚೀಟಿಯ ಹಿಂದೆ ಬರೆದು ಕಳಿಸಿದ್ದೇನೆ. ಮಗಳಿಗೆ ತುಂಬಾ ನಾಚಿಕೆಯಾಗಿದೆ. ಉತ್ತರ ಇನ್ನೂ ಬಂದಿಲ್ಲ.