ದಾಟಲಾಗದ ಎತ್ತರದ ಮುಂದೆ

ಕ್ರೀಡಾಪಟು ಬೆಳಗಿನ ಜಾವಕ್ಕೆ ಎದ್ದು ಮೈದಾನಕ್ಕೆ ಹೋಗುವುದು ಪದಕಕ್ಕಾಗಿ ಎಂಬ ಉತ್ತರ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಯೋ ಅಷ್ಟೇ ಬೇಗ ಅದರ ಕೊರತೆಯೂ ಕಾಣತೊಡಗುತ್ತದೆ. ಏಕೆಂದರೆ ಒಂದು ಸ್ಪರ್ಧೆಗೆ ಇರುವ ಪದಕಗಳು ಮೂರೇ, ಅವುಗಳಿಗಾಗಿ ವರ್ಷಗಟ್ಟಲೆ ಮೈ ದಣಿಸುವವರು ಸಾವಿರಾರು ಮಂದಿ, ಮತ್ತು ಗೆಲುವು ತಮ್ಮ ಪಾಲಿಗಿಲ್ಲವೆಂದು ಬಲ್ಲವರೂ ಮರುದಿನ ಅದೇ ಹೊತ್ತಿಗೆ ಅದೇ ಮೈದಾನಕ್ಕೆ ಮರಳುತ್ತಾರೆ. ಪ್ರೇರಣೆ ಎಂದರೆ ಕೆಲಸವೊಂದನ್ನು ಆರಂಭಿಸಲು ಹಚ್ಚುವ, ಅದು ಬೇಸರ ತರಿಸಿದ ದಿನವೂ ಕೈಬಿಡದಂತೆ ಕಾಯುವ ಒಳಬಲ. ಈ ಬಲ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಆಲೋಚಿಸುವುದಕ್ಕೆ ಹಾಸನ ಜಿಲ್ಲೆಯ ನೆಲದಲ್ಲಿಯೇ, ಅದರಲ್ಲೂ ಶ್ರವಣಬೆಳಗೊಳದ ಮಗ್ಗುಲಿನ ಜಿನನಾಥಪುರದ ಆಸುಪಾಸಿನಲ್ಲಿಯೇ, ಬೇಕಾದಷ್ಟು ಆಧಾರಗಳಿವೆ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೆಯ ಶತಮಾನದ ಆರಂಭದಲ್ಲಿ ನೆಲೆಗೊಳಿಸಿದ ಈ ಊರು ಹೊರಗೋಡೆಯ ತುಂಬ ಶಿಲ್ಪಗಳನ್ನು ಹೊತ್ತ ಶಾಂತಿನಾಥ ಬಸದಿಯಿಂದ ಹೆಸರಾಗಿದೆ. ಊರಿನ ದಕ್ಷಿಣಕ್ಕೆ ಚಂದ್ರಗಿರಿ ನಿಂತಿದೆ. ಆ ಬೆಟ್ಟದ ಮೇಲಿನ ಶಾಸನವೊಂದು ರಾಷ್ಟ್ರಕೂಟ ಅರಸು ನಾಲ್ಕನೆಯ ಇಂದ್ರನನ್ನು ಸ್ಮರಿಸುತ್ತದೆ. ಆತ 982ರಲ್ಲಿ ಸಲ್ಲೇಖನದಿಂದ, ಅಂದರೆ ಆಹಾರವನ್ನು ಹಂತಹಂತವಾಗಿ ತೊರೆದು ಸಮಚಿತ್ತದಿಂದ ದೇಹ ಬಿಡುವ ಜೈನ ವ್ರತದಿಂದ, ಇಲ್ಲಿ ಮರಣವನ್ನು ವರಿಸಿದವನು. ವೈರಾಗ್ಯದ ಆ ಸ್ಮಾರಕಲೇಖ ಕುದುರೆಯೇರಿ ಆಡುವ ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನೂ ಮರೆಯದೆ ವರ್ಣಿಸುತ್ತದೆ. ಅವನ ವಂಶದ ಸಾಮ್ರಾಜ್ಯ 973ರಲ್ಲಿಯೇ ಚಾಲುಕ್ಯ ತೈಲಪನ ಪಾಲಾಗಿತ್ತು, ಅದನ್ನು ಮರಳಿ ಪಡೆಯುವ ಯತ್ನಗಳೂ ಕೈಗೂಡಿರಲಿಲ್ಲ. ಹೀಗಿದ್ದೂ, ಎಲ್ಲವನ್ನೂ ಕಳೆದುಕೊಂಡು ಎಲ್ಲವನ್ನೂ ತೊರೆದವನ ನೆನಪನ್ನು ಕಲ್ಲಿಗೇರಿಸುವಾಗ ಆಟದ ಕೌಶಲವನ್ನು ಉಳಿಸಿಕೊಳ್ಳತಕ್ಕ ಸಂಗತಿಯೆಂದು ಶಾಸನಕವಿ ಎಣಿಸಿದ್ದು ಈ ನೆಲದ ಕ್ರೀಡಾ ಇತಿಹಾಸ ಬರೆಯುವವರು ಮೊದಲ ಪುಟದಲ್ಲಿ ಇಡಬೇಕಾದ ವಿಷಯ.

ಅದೇ ವರ್ಷಗಳಲ್ಲಿ ಎದುರಿನ ವಿಂಧ್ಯಗಿರಿಯ ಮೇಲೆ ಚಾವುಂಡರಾಯ ಕಡೆಯಿಸಿದ ಗೊಮ್ಮಟನ, ಅಂದರೆ ಬಾಹುಬಲಿಯ, ಕಥೆಯೂ ಮೂಲದಲ್ಲಿ ಒಂದು ಸ್ಪರ್ಧೆಯ ಕಥೆ. ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದ ಮೂಲಕ ಕನ್ನಡಿಗರಿಗೆ ಪರಿಚಿತವಾದ ಈ ಕಥೆಯಲ್ಲಿ, ಸೈನ್ಯಗಳ ಹತ್ಯಾಕಾಂಡವನ್ನು ತಪ್ಪಿಸಲೆಂದು ಭರತ ಮತ್ತು ಬಾಹುಬಲಿ ಎಂಬ ಅಣ್ಣತಮ್ಮಂದಿರು ಮೂರು ಪಂದ್ಯಗಳಿಗೆ ಒಪ್ಪುತ್ತಾರೆ: ರೆಪ್ಪೆ ಮಿಟುಕಿಸದೆ ಒಬ್ಬರನ್ನೊಬ್ಬರು ದಿಟ್ಟಿಸುವ ದೃಷ್ಟಿಯುದ್ಧ, ನೀರಿನಲ್ಲಿ ನಿಂತು ಎರಚಾಡುವ ಜಲಯುದ್ಧ, ಕಡೆಗೆ ಮಲ್ಲಯುದ್ಧ. ಮೂರನ್ನೂ ಗೆದ್ದ ಬಾಹುಬಲಿ ಗೆಲುವಿನ ಫಲವಾದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಈ ತ್ಯಾಗವನ್ನು ಸ್ಪರ್ಧೆಯ ನಿರಾಕರಣೆಯೆಂದು ಓದುವುದು ವಾಡಿಕೆಯಾದರೂ, ಮೂರು ಪಂದ್ಯಗಳಲ್ಲಿ ಒಂದನ್ನೂ ಅವನು ಅರೆಮನಸ್ಸಿನಿಂದ ಆಡಲಿಲ್ಲವೆಂಬುದನ್ನು ಗಮನಿಸಬೇಕು. ಪೂರ್ಣಬಲದಿಂದ ಹೋರಾಡುವುದೂ ಬಹುಮಾನದ ಹಿಡಿತಕ್ಕೆ ಸಿಗದಿರುವುದೂ ಒಂದೇ ಮೈಯಲ್ಲಿ ಕೂಡಿರಬಲ್ಲವೆಂಬುದು ಈ ಕಥೆ ಕ್ರೀಡೆಯ ಬಗ್ಗೆ ಹೇಳುವ ಬಹು ಆಳವಾದ ಮಾತು.

ಇದೇ ಭೇದವನ್ನು ಆಧುನಿಕ ಮನಶ್ಶಾಸ್ತ್ರ ಆಂತರಿಕ ಪ್ರೇರಣೆ ಮತ್ತು ಬಾಹ್ಯ ಪ್ರೇರಣೆ ಎಂಬ ಎರಡು ಹೆಸರುಗಳಲ್ಲಿ ಚರ್ಚಿಸುತ್ತದೆ. ಆಟವೇ ಕೊಡುವ ಸಂತೋಷಕ್ಕಾಗಿ ಆಡುವುದು ಮೊದಲನೆಯದು. ಹಣ, ಹೆಸರು, ನೌಕರಿ, ಬೈಗುಳದ ಭಯ ಮುಂತಾದ ಹೊರಗಿನ ಕಾರಣಗಳಿಗಾಗಿ ಆಡುವುದು ಎರಡನೆಯದು. ಅಮೆರಿಕದ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತುಂಡುಗಳನ್ನು ಜೋಡಿಸುವ ಒಗಟನ್ನು ಬಿಡಿಸಿದ್ದಕ್ಕೆ ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಆ ಒಗಟಿನತ್ತ ಮೊದಲಿನಷ್ಟು ಒಲವು ತೋರಲಿಲ್ಲ. ಡೆಸಿ ಮುಂದೆ ರಿಚರ್ಡ್ ರಯಾನ್ ಅವರೊಡನೆ ಬೆಳೆಸಿದ ಸಿದ್ಧಾಂತದ ಪ್ರಕಾರ ಒಳಗಿನ ಪ್ರೇರಣೆ ಮೂರು ಅಗತ್ಯಗಳ ಮೇಲೆ ನಿಂತಿದೆ: ಮಾಡುವುದು ತನ್ನ ಆಯ್ಕೆಯೆಂಬ ಸ್ವಾಯತ್ತತೆ, ಮಾಡಬಲ್ಲೆನೆಂಬ ಸಾಮರ್ಥ್ಯದ ಅರಿವು, ತನ್ನವರೆಂಬ ಜನರೊಡನೆ ಇರುವ ನಂಟು. ಬಹುಮಾನ ಆಟಗಾರನನ್ನು ಹಗ್ಗ ಕಟ್ಟಿ ಎಳೆಯುವಂತಿದ್ದರೆ ಒಳಗಿನ ಒಲವು ಒಣಗುತ್ತದೆ, ಅವನ ಸಾಮರ್ಥ್ಯಕ್ಕೆ ಸಿಕ್ಕ ಮನ್ನಣೆಯಂತಿದ್ದರೆ ಅದೇ ಒಲವು ಚಿಗುರುತ್ತದೆ ಎಂಬುದು ಅವರ ವಿವರಣೆ.

ಈ ಸಿದ್ಧಾಂತವನ್ನು ಹಿಡಿದು, ಹಣಕ್ಕಾಗಿ ಆಡುವವರು ಕೀಳು, ಆನಂದಕ್ಕಾಗಿ ಆಡುವವರು ಮೇಲು ಎಂದು ತೀರ್ಪು ಕೊಡುವುದು ಮಾತ್ರ ದೊಡ್ಡ ಅನ್ಯಾಯವಾಗುತ್ತದೆ. ಮಳೆಯನ್ನು ನಂಬಿ ರಾಗಿ, ಆಲೂಗೆಡ್ಡೆ ಬೆಳೆಯುವ ಮನೆಯ ಹುಡುಗಿ ಕ್ರೀಡಾ ಕೋಟಾದ ನೌಕರಿಯನ್ನು ಕಣ್ಣ ಮುಂದಿಟ್ಟುಕೊಂಡು ಓಡಿದರೆ, ಊರ ಹಬ್ಬದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಹುಡುಗರು ನಗದು ಬಹುಮಾನದ ಆಸೆಯಿಂದ ತಂಡ ಕಟ್ಟಿದರೆ, ಅದು ಆಟದ ಶುದ್ಧಿಗೆ ತಟ್ಟಿದ ಕಲೆಯಲ್ಲ. ಹೊಟ್ಟೆಯ ಪ್ರಶ್ನೆ ಬಗೆಹರಿಯದ ಕಡೆ ಸ್ವಾಯತ್ತತೆಯೆಂಬುದು ಬರೀ ಪದವಾಗಿ ಉಳಿಯುತ್ತದೆ. ನೌಕರಿಯ ಆದೇಶ ಕೈಗೆ ಬಂದ ಮೇಲೂ ಸಂಜೆ ಬೂಟು ಕಟ್ಟುವವರು ಯಾರು, ಏಕೆ ಎಂಬಲ್ಲಿಂದಲೇ ನಿಜವಾದ ವಿಚಾರ ಶುರುವಾಗುತ್ತದೆ.

ಈ ವಿಚಾರಕ್ಕೆ ಎತ್ತರ ಜಿಗಿತದಷ್ಟು ತಕ್ಕ ಆಟ ಇನ್ನೊಂದಿಲ್ಲ. ಓಟದಲ್ಲಿ ಗೆದ್ದವನು ಗೆರೆ ದಾಟಿ ನಿಲ್ಲುತ್ತಾನೆ, ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಟ್ಟಿಗೆ ತಾಗಿದರೆ ಮುಗಿಯಿತು. ಎತ್ತರ ಜಿಗಿತದಲ್ಲಾದರೋ ಅಡ್ಡಪಟ್ಟಿಯನ್ನು ಒಂದೊಂದೇ ಹಂತ ಏರಿಸುತ್ತಾ, ಸತತ ಮೂರು ಯತ್ನಗಳಲ್ಲಿ ಸೋತವರನ್ನು ಹೊರಗಿಡುತ್ತಾ ಹೋಗುವುದರಿಂದ, ತಾನಾಗಿ ಆಟ ನಿಲ್ಲಿಸದ ಹೊರತು ಚಿನ್ನ ಗೆದ್ದವನ ದಿನವೂ ಪಟ್ಟಿ ಕೆಳಗೆ ಬಿದ್ದ ಸದ್ದಿನೊಡನೆಯೇ ಮುಗಿಯುತ್ತದೆ. ಸೋಲಬಾರದೆಂಬ ಹಟವನ್ನಷ್ಟೇ ನಂಬಿದವರು ಈ ಆಟದಲ್ಲಿ ಬಹುಕಾಲ ಬಾಳಲಾರರು. ಇಲ್ಲಿ ಬಾಳಬೇಕಾದರೆ, ನಿನ್ನೆ ಬಿದ್ದ ಪಟ್ಟಿ ಇವತ್ತು ಒಂದು ಸೆಂಟಿಮೀಟರಿನಷ್ಟು ಹತ್ತಿರವಾಗಿದೆಯೇ ಎಂಬ ಕುತೂಹಲ ಬೇಕು. ಮನಶ್ಶಾಸ್ತ್ರಜ್ಞರು ಕಾರ್ಯನಿಷ್ಠ ಗುರಿಯೆಂದು ಕರೆಯುವುದು ಇದನ್ನೇ, ಅಂದರೆ ಪರರನ್ನು ಹಿಂದಿಕ್ಕುವುದಕ್ಕಿಂತ ತನ್ನ ಹಿಂದಿನ ಅಳತೆಯನ್ನು ಮೀರುವುದರಲ್ಲಿ ಯಶಸ್ಸನ್ನು ಕಾಣುವ ಮನೋಭಾವ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಸೆಪ್ಟೆಂಬರ್ 3ರಂದು ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ಆಟದಲ್ಲಿಯೇ. ಎಡಗಾಲಿನ ಊನದೊಡನೆ ಬೆಳೆದು, ಶಾಲಾ ದಿನಗಳಲ್ಲಿ ಊನವಿಲ್ಲದ ಓರಗೆಯವರೊಡನೆಯೇ ಸ್ಪರ್ಧಿಸುತ್ತ ಬಂದ ಅವರು ಸ್ಪರ್ಧಿಸಿದ್ದು ಎಫ್42 ವಿಭಾಗದಲ್ಲಿ. ಒಂದು ಕಾಲನ್ನು ಮಂಡಿಯ ಮೇಲಿನಿಂದ ಕಳೆದುಕೊಂಡವರು ಅಥವಾ ಅದಕ್ಕೆ ಸಮನಾದ ಊನವಿರುವವರು ಈ ವಿಭಾಗಕ್ಕೆ ಸೇರುತ್ತಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಜನಪ್ರಿಯಗೊಳಿಸಿದ ವಿಧಾನದಲ್ಲಿ ಜಿಗಿತಗಾರ ಬೆನ್ನು ಕೆಳಗಾಗಿ ಕಮಾನಿನಂತೆ ಬಾಗಿ ಪಟ್ಟಿಯನ್ನು ದಾಟುವುದರಿಂದ ದೇಹದ ಗುರುತ್ವಕೇಂದ್ರ ಪಟ್ಟಿಗಿಂತ ಕೆಳಗೇ ಹಾದುಹೋಗಬಲ್ಲದು. ಗಿರೀಶ ಬಳಸಿದ್ದು ಅದಕ್ಕಿಂತ ಹಳೆಯದಾದ ಕತ್ತರಿ ಜಿಗಿತವನ್ನು. ಮೈ ನೆಟ್ಟಗಿದ್ದು ಕಾಲುಗಳು ಕತ್ತರಿಯ ಅಲಗುಗಳಂತೆ ಒಂದರ ಹಿಂದೊಂದು ಪಟ್ಟಿಯನ್ನು ದಾಟುವ ಈ ವಿಧಾನದಲ್ಲಿ ಗುರುತ್ವಕೇಂದ್ರವನ್ನು ಪಟ್ಟಿಗಿಂತ ಸಾಕಷ್ಟು ಮೇಲಕ್ಕೆ ಒಯ್ಯಲೇಬೇಕು, ಆದ್ದರಿಂದ ಅಷ್ಟೇ ಎತ್ತರಕ್ಕೆ ಹೆಚ್ಚಿನ ನೆಗೆತ ಬೇಕು. ಈ ಲೆಕ್ಕ ಗೊತ್ತಿದ್ದು ಆ ದಿನದ ದೃಶ್ಯವನ್ನು ನೋಡುವವರಿಗೆ 1.74 ಮೀಟರ್ ಎಂಬ ಅಂಕಿ ಬೇರೆಯೇ ಆಗಿ ಕಾಣುತ್ತದೆ.

ಅಂದು ಆ 1.74 ಮೀಟರನ್ನು ದಾಟಿದವರು ಮೂವರು: ಫಿಜಿ ದ್ವೀಪದ ಇಲಿಯೇಸಾ ಡೆಲಾನಾ, ಗಿರೀಶ, ಪೋಲೆಂಡಿನ ಲೂಕಾಶ್ ಮಾಮ್ಚಾರ್ಜ್. ಎತ್ತರ ಸಮನಾದಾಗ ಕೊನೆಗೆ ದಾಟಿದ ಎತ್ತರದಲ್ಲಿ ಕಡಿಮೆ ಬಾರಿ ಎಡವಿದವರು ಮುಂದು, ಅದೂ ಸಮವಾದರೆ ಒಟ್ಟು ಸ್ಪರ್ಧೆಯಲ್ಲಿ ಕಡಿಮೆ ಎಡವಿದವರು ಮುಂದು ಎಂಬ ನಿಯಮದಂತೆ ಚಿನ್ನ ಡೆಲಾನಾ ಅವರಿಗೆ ಸಂದಿತು. ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಫಿಜಿಗೆ ಅದೇ ಮೊದಲ ಚಿನ್ನ. ಆ ಕೂಟದಲ್ಲಿ ಭಾರತಕ್ಕೆ ದೊರೆತ ಏಕೈಕ ಪದಕ ಗಿರೀಶರ ಬೆಳ್ಳಿ, ಮರುವರ್ಷ ಅವರಿಗೆ ಪದ್ಮಶ್ರೀ ಸಂದಿತು. ನಾಲ್ಕು ವರ್ಷಗಳ ಬಳಿಕ ರಿಯೊ ಕೂಟದಲ್ಲಿ, ಬೆಂಗಳೂರಿನಲ್ಲಿ ತರಬೇತಿ ಪಡೆದಿದ್ದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಇದೇ ಬಗೆಯ ಸ್ಪರ್ಧೆಯಲ್ಲಿ 1.89 ಮೀಟರ್ ದಾಟಿ ಚಿನ್ನ ಗೆದ್ದರು, ವರುಣ್ ಸಿಂಗ್ ಭಾಟಿ ಕಂಚು ಪಡೆದರು. ತನ್ನಂಥವನೇ ಒಬ್ಬ ಒಂದು ಕೆಲಸವನ್ನು ಸಾಧಿಸಿದ್ದನ್ನು ಕಂಡಾಗ ತನ್ನಿಂದಲೂ ಅದು ಸಾಧ್ಯವೆಂಬ ನಂಬಿಕೆ ಬಲವಾಗುತ್ತದೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ್ದರು. ಈ ಆತ್ಮಸಾಮರ್ಥ್ಯದ ನಂಬಿಕೆಗೆ ಸ್ವಂತ ಅನುಭವದ ನಂತರದ ಸ್ಥಾನ ಇಂಥ ಕಣ್ಣಾರೆ ಕಂಡ ಉದಾಹರಣೆಗೇ ಸಲ್ಲುತ್ತದೆ. ಹಳ್ಳಿಯ ಶಾಲೆಯ ಗೋಡೆಗೆ ಬೇರೆಲ್ಲ ಚಿತ್ರಗಳ ಜೊತೆ ಗಿರೀಶರ ಜಿಗಿತದ ಚಿತ್ರವನ್ನೂ ತೂಗುಹಾಕುವುದು ಅಲಂಕಾರದ ಮಾತಲ್ಲ, ತರಬೇತಿಯ ಒಂದು ಭಾಗ.

ಇದೇ ಜಿಲ್ಲೆಯ ಎರಡನೆಯ ಉದಾಹರಣೆ ಪ್ರೇರಣೆಯ ಬೇರೊಂದು ಮುಖವನ್ನು ತೋರಿಸುತ್ತದೆ. 1983ರಲ್ಲಿ ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಪಾದದ ಕೀಲಿನ ಜನ್ಮಜಾತ ಊನವಿದ್ದವರು, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, 2007ರ ತಂಡದ ಐಎಎಸ್ ಅಧಿಕಾರಿಯಾಗಿ ಉತ್ತರ ಪ್ರದೇಶಕ್ಕೆ ಹೋದವರು. ನೌಕರಿ, ಅಧಿಕಾರ, ಸಾಮಾಜಿಕ ಗೌರವ ಮೂರೂ ಕ್ರೀಡೆಗೆ ಮೊದಲೇ ಕೈಗೂಡಿದ್ದ ವ್ಯಕ್ತಿ ಹವ್ಯಾಸವಾಗಿದ್ದ ಬ್ಯಾಡ್ಮಿಂಟನ್‌ನಲ್ಲಿ ಮುಂದೆ ಬಂದು 2016ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್ ಗೆದ್ದದ್ದನ್ನು, ಕಚೇರಿಯ ಕೆಲಸ ಮುಗಿದ ರಾತ್ರಿಗಳಲ್ಲಿ ಅಭ್ಯಾಸ ಮಾಡುತ್ತ ಆಟವನ್ನು ಉಳಿಸಿಕೊಂಡದ್ದನ್ನು ಬಾಹ್ಯ ಪ್ರೇರಣೆಯ ಯಾವ ಲೆಕ್ಕವೂ ವಿವರಿಸಲಾರದು. ಪ್ಯಾರಾ ಬ್ಯಾಡ್ಮಿಂಟನ್ ಮೊದಲ ಬಾರಿಗೆ ಸೇರ್ಪಡೆಯಾದ ಟೋಕಿಯೊ ಕೂಟದ ಎಸ್‌ಎಲ್4 ವಿಭಾಗದಲ್ಲಿ, ಅಂದರೆ ಕಾಲಿನ ಊನವಿದ್ದೂ ನಿಂತು ಪೂರ್ಣ ಅಂಕಣದಲ್ಲಿ ಆಡಬಲ್ಲವರ ವಿಭಾಗದಲ್ಲಿ, 2021ರ ಸೆಪ್ಟೆಂಬರ್ 5ರಂದು ಅವರು ಫೈನಲ್ ಆಡಿದರು. ಫ್ರಾನ್ಸಿನ ಲೂಕಾಸ್ ಮಜೂರ್ ಎದುರು ಮೊದಲ ಆಟವನ್ನು 21-15ರಿಂದ ಗೆದ್ದು, ಮುಂದಿನೆರಡನ್ನು 17-21, 15-21ರಿಂದ ಸೋತು ಬೆಳ್ಳಿ ಪಡೆದರು.

ಬೆಳ್ಳಿಯ ಕಹಿಯ ಬಗ್ಗೆ ಒಂದು ಪ್ರಸಿದ್ಧ ಅಧ್ಯಯನವಿದೆ. ಮೆಡ್ವೆಕ್, ಮ್ಯಾಡಿ ಮತ್ತು ಗಿಲೊವಿಚ್ ಎಂಬ ಸಂಶೋಧಕರು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ನೋಡುಗರಿಗೆ ತೋರಿಸಿ, ಪದಕ ವಿಜೇತರ ಮುಖದ ಸಂತೋಷಕ್ಕೆ ಅಂಕ ಕೊಡಿಸಿ, ಕಂಚು ಗೆದ್ದವರು ಬೆಳ್ಳಿ ಗೆದ್ದವರಿಗಿಂತ ಹೆಚ್ಚು ತೃಪ್ತರಾಗಿ ಕಾಣುತ್ತಾರೆಂದು 1995ರಲ್ಲಿ ಪ್ರಕಟಿಸಿದರು. ಕಂಚಿನವನು ಪದಕವೇ ಇಲ್ಲದ ನಾಲ್ಕನೆಯ ಸ್ಥಾನವನ್ನು ನೆನೆದು ಹಿಗ್ಗುತ್ತಾನೆ, ಬೆಳ್ಳಿಯವನು ಕೈಗೆ ಬಂದು ಜಾರಿದ ಚಿನ್ನವನ್ನು ನೆನೆದು ಕೊರಗುತ್ತಾನೆ. ಅಧ್ಯಯನ ಕಂಡದ್ದು ಆಟ ಮುಗಿದ ಗಳಿಗೆಯ ಮುಖವನ್ನು, ಪದಕ ಕೊರಳಿಗೆ ಬಿದ್ದ ಗಳಿಗೆಯ ಮುಖವನ್ನು. ಆ ಕೊರಗು ಆಮೇಲಿನ ವರ್ಷಗಳಲ್ಲಿ ಏನಾಗುತ್ತದೆಂಬುದು ಪ್ರೇರಣೆಯ ದೃಷ್ಟಿಯಿಂದ ಇನ್ನೂ ದೊಡ್ಡ ಪ್ರಶ್ನೆ. ಸುಹಾಸ್ 2024ರ ಆರಂಭದಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ವಿಶ್ವ ಚಾಂಪಿಯನ್ ಆದರು, ಅದೇ ವರ್ಷದ ಸೆಪ್ಟೆಂಬರ್ 2ರಂದು ಪ್ಯಾರಿಸ್ ಫೈನಲ್‌ನಲ್ಲಿ ಅದೇ ಮಜೂರ್ ಎದುರು 9-21, 13-21ರಿಂದ ಸೋತು ಮತ್ತೊಮ್ಮೆ ಬೆಳ್ಳಿಯನ್ನೇ ತಂದರು. ನಲವತ್ತು ದಾಟಿದ ಅಧಿಕಾರಿಯೊಬ್ಬರು ತಮ್ಮನ್ನು ಒಮ್ಮೆ ಸೋಲಿಸಿದವನನ್ನು ಮೂರು ವರ್ಷಗಳ ನಂತರ ಅವನ ದೇಶದಲ್ಲಿಯೇ ಎದುರಿಸುವ ಮಟ್ಟಕ್ಕೆ ಮೈಯನ್ನು ಕಾಪಾಡಿಕೊಂಡದ್ದು ಕೊರಗೊಂದರಿಂದಲೇ ಆಗತಕ್ಕ ಕೆಲಸವಲ್ಲ, ಆಟ ದಿನಚರಿಯ ಉಸಿರಾಗಿ ಬೆರೆತಿರಬೇಕು.

ಎದುರಾಳಿಯ ಇರವೇ ಒಂದು ಪ್ರೇರಣೆ ಎಂಬುದೂ ನಿಜ. ಸೈಕಲ್ ಸವಾರರು ಒಂಟಿಯಾಗಿ ಗಡಿಯಾರದ ವಿರುದ್ಧ ತುಳಿಯುವುದಕ್ಕಿಂತ ಜೊತೆಗಾರರಿದ್ದಾಗ ವೇಗವಾಗಿ ತುಳಿಯುತ್ತಾರೆಂದು ನಾರ್ಮನ್ ಟ್ರಿಪ್ಲೆಟ್ 1898ರಲ್ಲಿಯೇ ತೋರಿಸಿದ್ದರು. ಹಳೆಯ ಮೈಸೂರು ಸೀಮೆಯ ಗರಡಿಮನೆಗಳಿಗೆ ಇದು ಅದಕ್ಕೂ ಮೊದಲಿನಿಂದ ತಿಳಿದ ಸಂಗತಿ. ಅಲ್ಲಿ ಒಬ್ಬನ ಸಾಮು ಇನ್ನೊಬ್ಬನ ಮೈಗೆ ಒದಗುತ್ತಿತ್ತು, ಗೆದ್ದ ಪೈಲ್ವಾನನ ಹೆಸರಿನ ಜೊತೆ ಉಸ್ತಾದರ ಹೆಸರೂ ಗರಡಿಯ ಹೆಸರೂ ಊರ ಬಾಯಲ್ಲಿ ಓಡಾಡುತ್ತಿದ್ದವು. ಡೆಸಿ ಮತ್ತು ರಯಾನ್ ಹೇಳುವ ನಂಟಿನ ಅಗತ್ಯ ಅಲ್ಲಿ ಕೆಮ್ಮಣ್ಣಿನಷ್ಟೇ ಸಹಜವಾಗಿ ಕಾಲಿಗೆ ಹತ್ತುತ್ತಿತ್ತು.

ಆದರೂ ಒಂದು ಘಳಿಗೆಯಲ್ಲಿ ಎದುರಾಳಿಯೂ ಇರುವುದಿಲ್ಲ. ಎತ್ತರ ಜಿಗಿತದ ನಿಯಮಗಳಲ್ಲಿ ಹೆಚ್ಚು ಜನ ಗಮನಿಸದ ಒಂದು ವಿಧಿಯಿದೆ: ಉಳಿದವರೆಲ್ಲರೂ ಹೊರಬಿದ್ದು ಒಬ್ಬರೇ ಉಳಿದಾಗ ಮೊದಲ ಸ್ಥಾನ ಅವರದೆಂದು ತೀರ್ಮಾನವಾಗಿಬಿಟ್ಟಿರುತ್ತದೆ, ಆದರೆ ಅವರು ಬಯಸಿದರೆ ಜಿಗಿತವನ್ನು ಮುಂದುವರಿಸಬಹುದು, ಪಟ್ಟಿಯನ್ನು ಮುಂದೆ ಎಷ್ಟಕ್ಕೆ ಏರಿಸಬೇಕೆಂಬುದನ್ನೂ ತೀರ್ಪುಗಾರರೊಡನೆ ಸಮಾಲೋಚಿಸಿ ಅವರೇ ನಿರ್ಧರಿಸುತ್ತಾರೆ. ಮೂವರೂ ಒಂದೇ ಎತ್ತರದಲ್ಲಿ ನಿಂತುಹೋದ ಲಂಡನ್‌ನಲ್ಲಿ ಆ ಅವಕಾಶ ಯಾರಿಗೂ ಒದಗಲಿಲ್ಲ. ಒದಗಿದ ಕೂಟಗಳಲ್ಲಿ, ಚಿನ್ನ ಆಗಲೇ ತನ್ನದಾಗಿರುವ ಜಿಗಿತಗಾರ ಓಟದ ಗುರುತನ್ನು ಮತ್ತೊಮ್ಮೆ ಹೆಜ್ಜೆಗಳಿಂದ ಅಳೆದು, ಪಟ್ಟಿಯನ್ನು ಇನ್ನೂ ಎರಡು ಸೆಂಟಿಮೀಟರ್ ಮೇಲಿಡಿ ಎಂದು ಕೈಸನ್ನೆ ಮಾಡಿ, ತಾನು ಎಂದೂ ದಾಟಿರದ ಎತ್ತರದ ಮುಂದೆ ಹೋಗಿ ನಿಲ್ಲುವುದನ್ನು ಕಾಣಬಹುದು.