ಆಟಕ್ಕೊಂದು ನೋಟ: ಹೊಸ ರಂಗರಸಿಕರಿಗೆ

ನಾಟಕಕ್ಕೆ ಮೊದಲ ಸಲ ಹೊರಟವರಿಗೆ ತಿಳಿದವರು ಹೇಳುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ಸದ್ದು ಮಾಡಬೇಡಿ. ಮಾತು ಒಳ್ಳೆಯದೇ. ಆದರೆ ಅದೊಂದನ್ನೇ ನೆಚ್ಚಿಕೊಂಡು ಹೋದವರಿಗೆ ಚಿತ್ರದುರ್ಗ ಜಿಲ್ಲೆಯಲ್ಲಿ ಬೇಗನೆ ಗೊಂದಲವಾಗುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ರಾಷ್ಟ್ರೀಯ ನಾಟಕೋತ್ಸವ ನಡೆಯುತ್ತದೆ. ಅಲ್ಲಿನ ಬಯಲು ರಂಗಮಂದಿರದ ಅರ್ಧಚಂದ್ರಾಕಾರದ ಮೆಟ್ಟಿಲುಗಳ ಮೇಲೆ ಸುತ್ತಲ ಹಳ್ಳಿಗಳ ಜನ ಚಳಿಯಲ್ಲೂ ಕೂತು, ಹೊಸ ನಾಟಕಗಳನ್ನು ಮನಸ್ಸಿಟ್ಟು ನೋಡುತ್ತಾರೆ. ಅದೇ ಜನ ತಮ್ಮೂರಿನ ‘ಕುರುಕ್ಷೇತ್ರ’ಕ್ಕೆ ಕೂತರೆ ದುರ್ಯೋಧನನ ಹಾಡಿಗೆ ಒನ್ಸ್ ಮೋರ್ ಕೂಗುತ್ತಾರೆ, ನಡುವೆ ಎದ್ದುಹೋಗಿ ಚಹಾ ಕುಡಿದು ಬರುತ್ತಾರೆ, ಬೆಳಗಿನ ಜಾವಕ್ಕೆ ಕೂತಲ್ಲೇ ತೂಕಡಿಸುತ್ತಾರೆ. ಮೊದಲನೆಯದು ಶಿಸ್ತು, ಎರಡನೆಯದು ಅಶಿಸ್ತು ಎಂದು ತೀರ್ಮಾನಿಸಿದರೆ ಎರಡು ಕಲೆಗಳಲ್ಲಿ ಒಂದು ನಮ್ಮ ಕೈತಪ್ಪಿ ಹೋಗುತ್ತದೆ. ಪ್ರೇಕ್ಷಕನ ನಡತೆಗೆ ಎಲ್ಲ ಕಡೆಗೂ ಒಪ್ಪುವ ಒಂದೇ ನಿಯಮಾವಳಿ ಇಲ್ಲ. ಪ್ರತಿ ರಂಗಪ್ರಕಾರವೂ ತನ್ನನ್ನು ಹೇಗೆ ನೋಡಬೇಕೆಂಬುದನ್ನು ತನ್ನ ಕಟ್ಟಡದಲ್ಲೇ ಹೇಳಿರುತ್ತದೆ. ಅದನ್ನು ಗುರುತಿಸಿ ನಡೆಯುವುದು ರಸಿಕತೆ. ಅದನ್ನು ಕಡೆಗಣಿಸಿ, ಪಕ್ಕದವರ ಗಮನವನ್ನೂ ನಟರ ಏಕಾಗ್ರತೆಯನ್ನೂ ಕೆಡಿಸುವುದು ಎಲ್ಲ ಪ್ರಕಾರಗಳಲ್ಲೂ ತಪ್ಪೇ.

ಹಳೆಯದರಿಂದಲೇ ಶುರುಮಾಡೋಣ. ಈ ಭಾಗದ ಮೂಡಲಪಾಯ ಬಯಲಾಟ ರಾತ್ರಿಯಿಡೀ ನಡೆಯುವ ಆಟ. ಅದರ ಕಥೆ ರಾಮಾಯಣ, ಮಹಾಭಾರತಗಳದ್ದು, ಇಲ್ಲವೇ ಪುರಾಣದ್ದು. ನೋಡುವವರಿಗೆ ಅದು ಮೊದಲೇ ಗೊತ್ತು. ಹೊಸ ವೇಷ ರಂಗಕ್ಕೆ ಬಂದಾಗ ಸಾರಥಿ ಅದನ್ನು ಮಾತಾಡಿಸಿ, ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಭಾಗವತರು ಪದ್ಯದಲ್ಲಿ ಹಾಡಿದ್ದನ್ನು ಪಾತ್ರಧಾರಿ ಮಾತಿನಲ್ಲಿ ಮತ್ತೆ ಬಿಡಿಸುತ್ತಾನೆ. ಮುಖವೀಣೆಯ ಏರುದನಿ, ಮದ್ದಳೆಯ ಪೆಟ್ಟು, ಭುಜಕೀರ್ತಿ ಕಿರೀಟಗಳ ಮಿನುಗು ಎಲ್ಲವೂ ದೂರ ಕೂತವನನ್ನು, ನಿದ್ದೆಯ ಮಂಪರಿನಲ್ಲಿರುವವನನ್ನು ಎಚ್ಚರಿಸಲೆಂದೇ ಇರುವಂಥವು. ಅರ್ಧ ಗಂಟೆ ಹೊರಗೆ ಹೋಗಿ ಬಂದವನಿಗೂ ಕಥೆಯ ಎಳೆ ಸಿಗುತ್ತದೆ. ಎಂದರೆ ಪ್ರೇಕ್ಷಕ ಓಡಾಡುತ್ತಾನೆ, ಮಾತಾಡುತ್ತಾನೆ, ಮಗುವನ್ನು ಮಲಗಿಸುತ್ತಾನೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆ ಕಲೆ ಬೆಳೆದಿದೆ. ಅಲ್ಲಿ ಬಾಯಿಗೆ ಬೆರಳಿಟ್ಟು ಕೂರುವ ಅಗತ್ಯವಿಲ್ಲ. ಆದರೂ ಅಲ್ಲಿಗೆ ಅದರದೇ ಮರ್ಯಾದೆಗಳಿವೆ. ರಂಗಸ್ಥಳದ ಅಂಚಿಗೆ ಕಾಲು ಚಾಚುವಂತಿಲ್ಲ, ಭಾಗವತರ ತಾಳ ತಪ್ಪಿಸುವಂತಿಲ್ಲ, ಹಿಂದೆ ಕೂತ ಮುದುಕಿಗೆ ಅಡ್ಡವಾಗಿ ನಿಲ್ಲುವಂತಿಲ್ಲ, ಕುಡಿದು ಬಂದು ವೇಷಗಳನ್ನು ಕೆಣಕುವಂತಿಲ್ಲ.

ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಊರ ನಾಟಕಕ್ಕೂ, ಊರೂರು ತಿರುಗಿದ ಕಂಪನಿ ನಾಟಕಗಳಿಗೂ ಹಾಡೇ ಜೀವ. ಒಂದು ಕಂದಪದ್ಯವನ್ನು ಪಾತ್ರಧಾರಿ ಎತ್ತಿ ಹಾಡಿ ನಿಲ್ಲಿಸಿದಾಗ ಕಥೆಯೂ ಅಲ್ಲಿ ನಿಂತಿರುತ್ತದೆ. ಹಾಗಾಗಿ ಒನ್ಸ್ ಮೋರ್ ಅನ್ನುವುದರಿಂದ ಏನೂ ಮುರಿಯುವುದಿಲ್ಲ. ಬದಲಿಗೆ ವರ್ಷವಿಡೀ ಹೊಲದಲ್ಲಿ ದುಡಿದು ಒಂದು ರಾತ್ರಿ ಕರ್ಣನಾದವನಿಗೆ ಅದು ಸಲ್ಲಬೇಕಾದ ಸಂಬಳ.

ಆಧುನಿಕ ನಾಟಕದ ಕಟ್ಟಡ ಬೇರೆ. ಒಂದೂವರೆ ಎರಡು ಗಂಟೆಯಲ್ಲಿ ಅದು ಮುಗಿಯಬೇಕು. ಕಥೆ ಹೊಸದು, ಮಾತು ಒಂದೇ ಸಲ ಬರುತ್ತದೆ, ತಪ್ಪಿಸಿಕೊಂಡರೆ ಮತ್ತೆ ಹೇಳಲು ಸಾರಥಿಯಿಲ್ಲ. ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟಿಸಿದ ‘ತುಘಲಕ್’ ನಾಟಕದ ಕೊನೆಯನ್ನೇ ನೋಡಿ. ರಾಜ್ಯದಲ್ಲಿ ವರ್ಷಗಳಿಂದ ನಿಂತುಹೋಗಿದ್ದ ಪ್ರಾರ್ಥನೆ ಮತ್ತೆ ಶುರುವಾಗುವ ಹೊತ್ತಿಗೆ ದಣಿದ ಸುಲ್ತಾನನಿಗೆ ನಿದ್ದೆ ಹತ್ತಿದೆ. ಪ್ರಾರ್ಥನೆಯ ಕರೆ ಕೇಳಿಸುತ್ತದೆ. ಅವನು ಕಣ್ಣು ತೆರೆದು, ತಾನೆಲ್ಲಿದ್ದೇನೆಂದೇ ತಿಳಿಯದವನ ಹಾಗೆ ಬೆದರಿ ಸುತ್ತ ನೋಡುತ್ತಾನೆ. ಅಲ್ಲಿಗೆ ನಾಟಕ ಮುಗಿಯಿತು. ಒಂದು ಆಳ್ವಿಕೆಯ ಸೋಲನ್ನೆಲ್ಲ ನಾಟಕಕಾರ ಆ ಮಾತಿಲ್ಲದ ನೋಟದಲ್ಲಿ ಇಟ್ಟಿದ್ದಾರೆ. ಮುಗಿಯುತ್ತ ಬಂತೆಂದು ಚಪ್ಪಲಿ ಹುಡುಕಲು ಬಗ್ಗಿದವನಿಗೆ ಅದು ಸಿಗುವುದಿಲ್ಲ. ಅವನ ಹಿಂದೆ ಕೂತ ನಾಲ್ಕು ಜನಕ್ಕೂ ಸಿಗುವುದಿಲ್ಲ. ಅದೇ ಗಳಿಗೆಯಲ್ಲಿ ಒಂದು ಫೋನ್ ಹಾಡಿದರಂತೂ ಇಡೀ ಸಭೆಗೇ ನಷ್ಟ. ಬಯಲಾಟದಲ್ಲಿ ಯಾರಿಗೂ ತೊಂದರೆ ಕೊಡದ ನಡತೆ ಇಲ್ಲಿ ನಾಟಕದ ಒಂದು ಅಂಗವನ್ನೇ ಕತ್ತರಿಸುತ್ತದೆ.

ಹೀಗೆಂದಾಗ ಒಂದು ಆಕ್ಷೇಪ ಬರುತ್ತದೆ, ಅದು ತೂಕದ್ದೇ. ಕತ್ತಲಲ್ಲಿ ಮೌನವಾಗಿ ಕೂರುವುದು ಪಶ್ಚಿಮದಿಂದ ಬಂದ, ಪೇಟೆಯ ಓದಿದವರ ಅಭ್ಯಾಸ. ಹೊಳಲ್ಕೆರೆಯ, ಹಿರಿಯೂರಿನ ಜನರ ಮೇಲೆ ಅದನ್ನೇಕೆ ಹೇರಬೇಕು ಎಂಬುದು ಆ ಮಾತು. ಪಶ್ಚಿಮದಲ್ಲೂ ಇದು ತೀರ ಹಳೆಯದಲ್ಲ ಎಂಬುದನ್ನು ಒಪ್ಪಬೇಕು. ಶೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರದಲ್ಲಿ ಬಡವರು ಹಗಲ ಬೆಳಕಿನಲ್ಲಿ ನಿಂತೇ ನೋಡುತ್ತಿದ್ದರು. ವಾಗ್ನರ್ 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ತನ್ನ ರಂಗಮಂದಿರ ತೆರೆದು ಪ್ರೇಕ್ಷಾಗೃಹವನ್ನು ಕತ್ತಲಾಗಿಸಿದ್ದು ಆ ಕಾಲಕ್ಕೆ ದೊಡ್ಡ ಬದಲಾವಣೆ. ಆದರೆ ನಿಶ್ಶಬ್ದದ ಬೆಲೆ ನಮಗೆ ಹೊರಗಿನಿಂದ ಬಂದದ್ದು ಎಂಬುದು ಸರಿಯಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಸಿದ್ಧಿಯನ್ನು ಕುರಿತೇ ಒಂದು ಅಧ್ಯಾಯವಿದೆ. ಪ್ರಯೋಗ ಗೆದ್ದಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಎರಡು ಬಗೆಯ ಉತ್ತರವಿದೆ. ಪ್ರೇಕ್ಷಕರು ಮುಗುಳ್ನಗುವುದು, ಗಟ್ಟಿಯಾಗಿ ನಗುವುದು, ಭಲೆ ಅನ್ನುವುದು, ಅಯ್ಯೋ ಅನ್ನುವುದು, ಮೈ ನವಿರೇಳುವುದು, ಕೂತಲ್ಲಿಂದ ಎದ್ದು ನಟರಿಗೆ ವಸ್ತ್ರ, ಉಂಗುರ ಕೊಡುವುದು ಇವೆಲ್ಲ ಮಾನುಷ ಸಿದ್ಧಿ. ತುಂಬಿದ ಸಭೆಯಲ್ಲಿ ಶಬ್ದವಿಲ್ಲದೆ, ಕಲಕಾಟವಿಲ್ಲದೆ, ಉತ್ಪಾತವಿಲ್ಲದೆ ಪ್ರಯೋಗ ನಡೆದರೆ ಅದು ದೈವಿಕ ಸಿದ್ಧಿ. ಬೇಕೆಂದೇ ಗದ್ದಲವೆಬ್ಬಿಸುವುದು, ರಂಗದ ಮೇಲೆ ಸಗಣಿ, ಹೆಂಟೆ ಎಸೆಯುವುದು ಪ್ರಯೋಗಕ್ಕೆ ಹೊರಗಿನವರು ಮಾಡುವ ಘಾತಗಳ ಪಟ್ಟಿಯಲ್ಲಿವೆ. ಉದ್ಗಾರ, ಉಡುಗೊರೆ, ಮೌನ ಈ ಮೂರಕ್ಕೂ ಆ ಶಾಸ್ತ್ರ ಜಾಗ ಕೊಟ್ಟಿದೆ. ಒಪ್ಪದ್ದು ಕೆಡಿಸುವವರನ್ನು ಮಾತ್ರ.

ಹಳ್ಳಿಯವರಿಗೆ ಈ ಮೌನ ಒಗ್ಗುವುದಿಲ್ಲ ಎಂಬ ಮಾತಿಗೆ ಸಾಣೇಹಳ್ಳಿಯೇ ಉತ್ತರ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ‘ಮರಣವೇ ಮಹಾನವಮಿ’ಯಂಥ ನಾಟಕಗಳನ್ನು ಸ್ವತಃ ಬರೆದವರು. ಆ ಪರಂಪರೆಯಲ್ಲಿ ಸಾಣೇಹಳ್ಳಿ ಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ಶಿವಸಂಚಾರ ಹುಟ್ಟಿದವು. ಶಿವಸಂಚಾರ ತಂಡ ವರ್ಷಕ್ಕೆ ಮೂರು ನಾಟಕಗಳನ್ನು ಕಟ್ಟಿಕೊಂಡು ನಾಡೆಲ್ಲ ತಿರುಗುತ್ತದೆ. ಅಲ್ಲಿಯ ಮೌನ ಮಠದ ಮೇಲಿನ ಭಕ್ತಿಯಿಂದ ಬಂದದ್ದು, ಕಲೆಯ ಮೇಲಿನ ಪ್ರೀತಿಯಿಂದಲ್ಲ ಎಂದು ಯಾರಾದರೂ ಹೇಳಬಹುದು. ಭಕ್ತಿಯಿಂದ ಶುರುವಾಗಿದ್ದರೂ ಬಾಧಕವಿಲ್ಲ. ಭಕ್ತಿ ಒಬ್ಬನನ್ನು ಕರೆತಂದು ಕೂರಿಸಬಹುದು; ವರ್ಷದ ಮೇಲೆ ವರ್ಷ ಹೊಸ ಹೊಸ ನಾಟಕಕ್ಕೆ ಬಂದು ನಗುವಲ್ಲಿ ನಗುವುದನ್ನೂ ಬಿಕ್ಕುವಲ್ಲಿ ಬಿಕ್ಕುವುದನ್ನೂ ಕಲಿಸುವುದು ನೋಡುವ ಅಭ್ಯಾಸ. ಇಲ್ಲಿನ ರೈತರಿಗೂ ಹೆಣ್ಣುಮಕ್ಕಳಿಗೂ ಆ ಅಭ್ಯಾಸ ಪೇಟೆಯವರಷ್ಟೇ ಚೆನ್ನಾಗಿ ಒಲಿದಿದೆ.

ಈಗ ಫೋನಿನ ವಿಷಯ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ರಿಂಗಣ ನಿಲ್ಲಿಸಿದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಸಾಲದು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಮುಂದಿನ ಸಾಲಿನ ಒಂದು ತೆರೆ ರಂಗದ ಮೇಲಿನ ಮಂದ ದೀಪಕ್ಕಿಂತ ಜೋರಾಗಿ ಕಾಣುತ್ತದೆ, ನಟರಿಗೂ ಕಾಣುತ್ತದೆ. ದೃಶ್ಯ ಬದಲಾಗುವಾಗ ದೀಪ ಆರಿಸುವುದು ಪರಿಕರಗಳನ್ನು ಸಾಗಿಸಲು, ನಟರು ತಮ್ಮ ಜಾಗ ಸೇರಲು. ಆಗ ಯಾರೋ ಟಾರ್ಚ್ ಹಚ್ಚಿದರೆ ಮುಂದಿನ ದೃಶ್ಯದ ಮಾಯೆ ಅಲ್ಲೇ ಕರಗುತ್ತದೆ, ಕಣ್ಣು ಕುಕ್ಕಿದ ನಟ ಎಡವಲೂಬಹುದು. ವಿಡಿಯೊ ಮಾಡುವವರ ವಾದ ಬೇರೆ: ಇದರಿಂದ ನಾಟಕಕ್ಕೆ ಪ್ರಚಾರ ಸಿಗುತ್ತದಲ್ಲ? ಊರ ನಾಟಕದಲ್ಲಿ ತಮ್ಮನೆಯ ಹುಡುಗ ಅಭಿಮನ್ಯುವಾದಾಗ ಒಂದು ಹಾಡನ್ನು ಹಿಡಿದಿಟ್ಟುಕೊಳ್ಳುವ ಆಸೆ ಸಹಜ, ಬದಿಗೆ ನಿಂತು ಹಿಡಿದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ದೂರದಿಂದ ಅಲುಗಾಡುತ್ತ ಹಿಡಿದ ಹೊಸ ನಾಟಕದ ನಾಲ್ಕು ತುಣುಕುಗಳಿಂದ ಯಾವ ತಂಡಕ್ಕೂ ಲಾಭವಿಲ್ಲ. ಹಿಡಿಯುವವನು ಅಷ್ಟು ಹೊತ್ತೂ ನಾಟಕ ಬಿಟ್ಟು ತನ್ನ ಕೈಯನ್ನು ನೋಡುತ್ತಿರುತ್ತಾನೆ. ತಂಡವನ್ನು ಮೊದಲೇ ಕೇಳಿ. ಫೋಟೊ ಬೇಕಾದವರಿಗೆ ನಾಟಕ ಮುಗಿದ ಮೇಲೆ ನಿಂತುಕೊಡುವ ಕಲಾವಿದರೇ ಹೆಚ್ಚು.

ಪ್ರೇಕ್ಷಕರನ್ನಷ್ಟೇ ದೂರುವುದು ನ್ಯಾಯವಲ್ಲ. ನಮ್ಮ ಕಡೆ ನಾಟಕವನ್ನು ಕೆಡಿಸುವುದರಲ್ಲಿ ವೇದಿಕೆಯ ಪಾಲೂ ಇದೆ. ಏಳಕ್ಕೆ ಎಂದು ಅಚ್ಚುಮಾಡಿದ ನಾಟಕ ಭಾಷಣ, ಸನ್ಮಾನ, ವಂದನಾರ್ಪಣೆ ಮುಗಿದು ಶುರುವಾಗುವ ಹೊತ್ತಿಗೆ ಮಕ್ಕಳು ನಿದ್ದೆಗೆ ಬಿದ್ದಿರುತ್ತಾರೆ. ದೀಪ ಆರುತ್ತಿದ್ದಂತೆ ಮುಂದಿನ ಸಾಲಿನ ಗಣ್ಯರು ಬೆಂಬಲಿಗರ ಸಮೇತ ಎದ್ದು ಹೊರಡುತ್ತಾರೆ. ಎಲ್ಲರ ಕಣ್ಣೆದುರು ನಡೆಯುವ ಈ ನಿರ್ಗಮನ, ನಾಟಕ ಅಷ್ಟೇನೂ ಮುಖ್ಯವಲ್ಲ ಎಂದು ಸಭೆಗೆ ಕಲಿಸುವಷ್ಟು ಬೇರಾವುದೂ ಕಲಿಸದು. ಊರ ನಾಟಕದಲ್ಲಿ ಇನ್ನೊಂದಿದೆ. ಭೀಮ ಗದೆ ಎತ್ತಿದಾಗಲೇ ನೆಂಟರು ರಂಗವೇರಿ ಹಾರ ಹಾಕಿ, ಶಾಲು ಹೊದಿಸಿ, ಎದೆಗೆ ನೋಟು ಸಿಕ್ಕಿಸುತ್ತಾರೆ, ಮೈಕಿನಲ್ಲಿ ದಾನಿಗಳ ಹೆಸರು ಓದಲಾಗುತ್ತದೆ. ಎದುರಿಗೆ ನಿಂತ ದುಶ್ಶಾಸನ ಪಾಪ ಕಾಯುತ್ತ ನಿಲ್ಲುತ್ತಾನೆ. ಉಡುಗೊರೆ ತಪ್ಪಲ್ಲ, ಭರತನೂ ಅದನ್ನು ಸಿದ್ಧಿಯ ಗುರುತೆಂದೇ ಎಣಿಸಿದ. ಹೊತ್ತು ಮಾತ್ರ ನೋಡಿ: ಹಾಡು ಮುಗಿದಾಗ, ದೃಶ್ಯ ಮುಗಿದಾಗ, ಪರದೆ ಬಿದ್ದಾಗ ಕೊಡಿ.

ಎಲ್ಲಕ್ಕಿಂತ ಗಂಭೀರವಾದ ತಪ್ಪು ಕಲಾವಿದೆಯರ ವಿಷಯದ್ದು. ಊರ ನಾಟಕದಲ್ಲಿ ಗಂಡು ಪಾತ್ರಗಳನ್ನು ಊರಿನವರೇ ಮಾಡಿ, ದ್ರೌಪದಿ, ರುಕ್ಮಿಣಿ, ಉತ್ತರೆಯರಿಗೆ ವೃತ್ತಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುವ ರೂಢಿಯಿದೆ. ಪರಿಚಯವಿಲ್ಲದ ಊರು, ಸರಿರಾತ್ರಿ, ಜೊತೆಗೆ ಪಾತ್ರದ ಮಾತು ಹಾಡುಗಳ ಭಾರ. ಅವರು ರಂಗಕ್ಕೆ ಬರುತ್ತಿದ್ದಂತೆ ಸಿಳ್ಳೆ, ಕೆಟ್ಟ ಮಾತು, ಸಿನಿಮಾ ಹಾಡಿಗೆ ಕುಣಿಯಬೇಕೆಂಬ ಕೂಗು ಶುರುವಾಗುತ್ತದೆ. ಸಿಳ್ಳೆಯೂ ಮೆಚ್ಚುಗೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹಾಡು ಮುಗಿದ ಮೇಲೆ ಬಂದ ಸಿಳ್ಳೆ ಹಾಡಿಗೆ ಸಂದಿತು ಎನ್ನೋಣ. ಬಾಯಿ ತೆರೆಯುವ ಮೊದಲೇ ಬಂದ ಸಿಳ್ಳೆ ಯಾವ ಕಲೆಗೆ ಸಂದಿತು? ಸಭಾಪರ್ವದಲ್ಲಿ ದ್ರೌಪದಿಯ ಸೀರೆಗೆ ದುಶ್ಶಾಸನ ಕೈಹಾಕಿದಾಗ ಕೇಕೆ ಹಾಕಿದವರು ಅರಿಯದೆಯೇ ಕೌರವರ ಸಾಲಿನಲ್ಲಿ ಕೂತಿರುತ್ತಾರೆ. ಇದನ್ನು ಪ್ರಕಾರದ ಸ್ವಾತಂತ್ರ್ಯವೆಂದು ಯಾರೂ ಸಮರ್ಥಿಸಬಾರದು. ಬಯಲಾಟವಾಗಲಿ, ಊರ ನಾಟಕವಾಗಲಿ ಇದಕ್ಕೆ ಜಾಗ ಕೊಟ್ಟಿಲ್ಲ. ಊರಿನ ಹಿರಿಯರೊಬ್ಬರು ಎದ್ದು ನಿಂತು ಆ ಹುಡುಗರನ್ನು ಗದರಿದರೆ ಸಾಕು, ಆಟ ಉಳಿಯುತ್ತದೆ. ಆ ಕೆಲಸ ಸಂಘಟಕರದೂ ಹೌದು, ಪಕ್ಕದಲ್ಲಿ ಕೂತವರದೂ ಹೌದು.

ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದು ಹೇಳುವುದು ಮಾತ್ರ ನನಗೆ ಸರಿ ಕಾಣದು. ಹಾಗೆಂದರೆ ಮನೆಯಲ್ಲಿ ಉಳಿಯುವವರು ತಾಯಂದಿರು. ಮಗುವಿರುವವರು ಅಂಚಿನಲ್ಲಿ ಕೂತು, ಅತ್ತರೆ ಎತ್ತಿಕೊಂಡು ಹೊರಬಂದರೆ ಸಾಕು; ಆ ಅಂಚಿನ ಜಾಗವನ್ನು ಉಳಿದವರು ಅವರಿಗೆ ಬಿಡಬೇಕು. ತಡವಾಗಿ ಬಂದವರು ಹಿಂದೆಯೇ ನಿಂತು ದೃಶ್ಯ ಬದಲಾಗುವಾಗ ಕೂರಲಿ. ಕೆಮ್ಮಿಗೆ ಯಾರೂ ಹೊಣೆಯಲ್ಲ.

ಟಿಕೆಟ್ಟಿಲ್ಲದ ನಾಟಕಕ್ಕೆ ಇಷ್ಟೆಲ್ಲ ಕಟ್ಟುಪಾಡೇಕೆ ಎಂಬ ಪ್ರಶ್ನೆ ಉಳಿದಿದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ‘ತಿರುಕ’ ಎಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿಯವರ ಊರು. ಅಲ್ಲಿ ನಡೆಯುವ ನಾಟಕೋತ್ಸವಕ್ಕೆ ‘ರಂಗದಾಸೋಹ’ ಎಂದೇ ಹೆಸರಿಟ್ಟಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಯಾರೂ ದುಡ್ಡು ಕೊಟ್ಟಿರುವುದಿಲ್ಲ, ಆದರೂ ಪಕ್ಕದವರ ಊಟ ಮುಗಿಯುವ ಮೊದಲು ಏಳುವುದಿಲ್ಲ. ನಾಟಕದ ಕೊನೆಗೂ ಅಷ್ಟು ಹೊತ್ತು ಕೊಡಿ. ನಮ್ಮ ತಂಡಗಳಲ್ಲಿ ನಾಟಕ ಮುಗಿದ ಮೇಲೆ ಪಾತ್ರಧಾರಿಗಳ, ದೀಪದವರ, ಸಂಗೀತದವರ ಪರಿಚಯ ಮಾಡಿಸುವ ಪದ್ಧತಿಯಿದೆ. ಹೆಸರುಗಳನ್ನು ಕೇಳಿಸಿಕೊಂಡು, ಯಾವ ಪಾತ್ರ ಯಾರು ಮಾಡಿದರೆಂದು ಗುರುತಿಟ್ಟುಕೊಂಡು, ಆಮೇಲೆ ಹೋಗಿ ಮಾತಾಡಿಸಿ. ತಿರುಗಾಟದ ತಂಡವಾದರೆ ಬಣ್ಣ ಒರೆಸುತ್ತಲೇ ರಂಗಸಜ್ಜಿಕೆ ಬಿಚ್ಚಿ ಗಾಡಿಗೇರಿಸುವವರೂ ಅವರೇ. ನಾಳೆ ಇನ್ನೊಂದು ಊರಿನಲ್ಲಿ ಆಟವಿರುತ್ತದೆ. ತುಂಬ ಚೆನ್ನಾಗಿತ್ತು ಅನ್ನುವುದಕ್ಕಿಂತ ಯಾವ ದೃಶ್ಯ ಹಿಡಿಸಿತು, ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿದರೆ, ಎಷ್ಟೇ ದಣಿದಿದ್ದರೂ ನಿಂತು ಉತ್ತರ ಕೊಡುತ್ತಾರೆ.